ಕ್ಯಾರಿಗೆ ಬರುವವರಿಗೆ: ರೇಟಿಂಗ್ ಒಂದನ್ನೇ ನೋಡಿ ಶಾಲೆ ಆರಿಸಬೇಡಿ

ನ್ಯೂಜೆರ್ಸಿಯಿಂದ ನಾರ್ತ್ ಕ್ಯಾರೊಲಿನಾಗೆ ಬರುತ್ತಿರುವ ದಂಪತಿಗೆ ನಮಸ್ಕಾರ. ಮಗಳು ಮುಂದಿನ ವರ್ಷ ಆರನೇ ಕ್ಲಾಸು, ಯಾವ ಶಾಲೆ ಒಳ್ಳೆಯದು ಅಂತ ಇಲ್ಲಿಯ ಕನ್ನಡಿಗರ ಗುಂಪಿನಲ್ಲಿ ಕೇಳಿದ್ದೀರಿ. ಹೆಚ್ಚಿನವರು ಹೇಳಿದ್ದು ಒಂದೇ. ರಾಲಿ ನಗರದ ಪಕ್ಕದ ಕ್ಯಾರಿ, ಮಾರಿಸ್‌ವಿಲ್ ಅಥವಾ ಏಪೆಕ್ಸ್‌ನಲ್ಲಿ ಮನೆ ಮಾಡಿ, ಶಾಲೆಗಳಿಗೆ ವೆಬ್‌ಸೈಟುಗಳು ಹತ್ತಕ್ಕೆ ಕೊಡುವ ರೇಟಿಂಗ್ 9ಕ್ಕಿಂತ ಕಡಿಮೆ ಇದ್ದರೆ ಬೇಡ, ರಾಲಿ ಕಡೆ ಮಾತ್ರ ಹೋಗಬೇಡಿ, "ಆ ಏರಿಯಾ ಸರಿಯಿಲ್ಲ". ನಾವು ಕ್ಯಾರಿಯಲ್ಲೇ ಇದ್ದುಕೊಂಡು ಮಗಳನ್ನು ರಾಲಿಯ ಲಿಗನ್ ಮಿಡಲ್ ಸ್ಕೂಲಿಗೆ ಕಳಿಸಿದವರು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಆ ಏರಿಯಾದಲ್ಲಿ ಸರಿಯಿಲ್ಲದ್ದು ಏನು ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಅಲ್ಲಿ ಕಪ್ಪು ಜನ ಜಾಸ್ತಿ ಅನ್ನುವುದೇ ಅದರ ಅರ್ಥ ಅಲ್ವಾ? ಊರಲ್ಲಿ "ಆ ಓಣಿ ಮಕ್ಕಳ ಜೊತೆ ಆಡಬೇಡ" ಅನ್ನುವ ಮಾತು ಕೇಳುತ್ತಲೇ ನಮ್ಮಲ್ಲಿ ಬಹಳ ಜನ ದೊಡ್ಡವರಾದದ್ದು. ಅದನ್ನು ಇಲ್ಲಿಯವರೆಗೂ ಹೊತ್ತು ತಂದು ಮಕ್ಕಳ ತಲೆಗೆ ತುಂಬುವುದು ಬೇಡ.

ರೇಟಿಂಗ್ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ದೊಡ್ಡ ಪಾಲು ಟೆಸ್ಟ್ ಅಂಕಗಳದ್ದು. ಅಪ್ಪ ಅಮ್ಮ ಇಬ್ಬರೂ ಓದಿದವರು, ಕೈತುಂಬ ಸಂಬಳ, ಸಂಜೆ ಕುಮಾನ್ ಟ್ಯೂಷನ್. ಇಂಥ ಮನೆಗಳ ಮಕ್ಕಳೇ ತುಂಬಿರುವ ಕಡೆ ಅಂಕ ಜಾಸ್ತಿ ಬರದೆ ಇನ್ನೇನು? ಅಲ್ಲಿಯ ಟೀಚರ್ ಇನ್ನೊಂದು ಶಾಲೆಯವರಿಗಿಂತ ಚೆನ್ನಾಗಿ ಕಲಿಸುತ್ತಾರೆ ಅಂತ ಆ ನಂಬರಿನಿಂದ ತಿಳಿಯುವುದಿಲ್ಲ. "ಗಣಿತದಲ್ಲಿ ಹಿಂದೆ ಬೀಳ್ತಾಳೇನೋ" ಅನ್ನುವ ಭಯ ನಿಮಗೂ ಇರುತ್ತದೆ. ಆದರೆ ಅರ್ಥಶಾಸ್ತ್ರಜ್ಞ ರಕರ್ ಜಾನ್ಸನ್ ಅವರು ಕಪ್ಪು, ಬಿಳಿಯ ಮಕ್ಕಳು ಬೆರೆತ ಶಾಲೆಗಳಲ್ಲಿ ಓದಿದ ಮಕ್ಕಳು ದೊಡ್ಡವರಾಗಿ ಏನಾದರು ಎಂದು ಹಲವು ದಶಕಗಳ ಲೆಕ್ಕ ಹಿಡಿದು ನೋಡಿದ್ದಾರೆ. ಕಪ್ಪು ಮಕ್ಕಳ ಓದು, ಸಂಪಾದನೆ ಎರಡೂ ಏರಿದವು. ಬಿಳಿಯ ಮಕ್ಕಳಿಗೆ ನಷ್ಟವೇನೂ ಆಗಲಿಲ್ಲ.

ಕ್ಯಾರಿ, ರಾಲಿ ಎರಡೂ ಇರುವ ಈ ವೇಕ್ ಕೌಂಟಿಯ ಕಥೆ ತಿಳಿದುಕೊಂಡರೆ ನಿಮಗೆ ಇನ್ನೂ ಸ್ಪಷ್ಟವಾಗುತ್ತದೆ. ಕಪ್ಪು, ಬಿಳಿಯ ಮಕ್ಕಳಿಗೆ ಬೇರೆಬೇರೆ ಸರ್ಕಾರಿ ಶಾಲೆ ಇಡುವಂತಿಲ್ಲ ಎಂದು ಬ್ರೌನ್ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1954ರಲ್ಲಿ. ರಾಲಿಯಲ್ಲಿ ಮೊದಲ ಕಪ್ಪು ಮಗು ಬಿಳಿಯರ ಶಾಲೆಯ ಮೆಟ್ಟಿಲು ಹತ್ತಿದ್ದು 1960ರಲ್ಲಿ, ಏಳು ವರ್ಷದ ಬಿಲ್ ಕ್ಯಾಂಪ್‌ಬೆಲ್. ಮುಂದೆ ಆತ ಅಟ್ಲಾಂಟಾದ ಮೇಯರ್ ಆದ. ಲಿಗನ್ ಆಗ ಕಪ್ಪು ಮಕ್ಕಳಿಗೆಂದೇ ಇದ್ದ ಹೈಸ್ಕೂಲು. 1971ರಲ್ಲಿ ಆ ಹೈಸ್ಕೂಲನ್ನು ನಿಲ್ಲಿಸಿ ಎಲ್ಲರೂ ಬರುವ ಕಿರಿಯರ ಶಾಲೆ ಮಾಡಿದರು.

ಮಗಳ ಆರ್ಕೆಸ್ಟ್ರಾ ಕಾರ್ಯಕ್ರಮಕ್ಕೆ ಹೋಗಿದ್ದಾಗ ನನ್ನ ಪಕ್ಕದಲ್ಲಿ ಅವಳ ಗೆಳತಿಯ ಅಜ್ಜಿ ಕೂತಿದ್ದರು. 60ರ ದಶಕದಲ್ಲಿ ಅವರು ಓದಿದ್ದು ಲಿಗನ್‌ನಲ್ಲೇ. ಬೇರೆ ಶಾಲೆಯವರು ಬಳಸಿ ಬಿಟ್ಟ ಪುಸ್ತಕ ಬರುತ್ತಿತ್ತು, ಆದರೆ ಟೀಚರ್‌ಗಳು ಮಾತ್ರ ಚಿನ್ನದಂಥವರು ಅಂದರು. ಬೆರೆಸುವ ಕಾಲ ಬಂದಾಗ ಕಳೆದುಕೊಂಡದ್ದು ತಮ್ಮ ಹೈಸ್ಕೂಲನ್ನು, ಬಿಳಿಯರದ್ದನ್ನಲ್ಲ ಅಂತಲೂ ಹೇಳಿದರು. ಬೇಜಾರಿತ್ತು ಆ ದನಿಯಲ್ಲಿ. ಆದರೂ ಮೊಮ್ಮಗಳನ್ನು ಅಲ್ಲಿಗೇ ಕಳಿಸಿದ್ದಾರೆ. ಮಗಳು ಮತ್ತು ಆ ಹುಡುಗಿ ಒಂದೇ ಸ್ಟ್ಯಾಂಡಿನಲ್ಲಿ ಪುಟ ಹಂಚಿಕೊಂಡು ವಯೋಲಾ ನುಡಿಸುತ್ತಿದ್ದರು. ಪುಟ ತಿರುಗಿಸುವ ಕೆಲಸ ನಮ್ಮವಳದ್ದು.

1976ರಲ್ಲಿ ರಾಲಿ ನಗರದ ಶಾಲೆಗಳನ್ನೂ ವೇಕ್ ಕೌಂಟಿಯ ಶಾಲೆಗಳನ್ನೂ ಸೇರಿಸಿ ಒಂದೇ ಶಾಲಾ ಜಿಲ್ಲೆ ಮಾಡಿದರು. ಇದು ಬಹಳ ದೊಡ್ಡ ಕೆಲಸ. ಡೆಟ್ರಾಯಿಟ್‌ನಲ್ಲಿ ಹಾಗಾಗಲಿಲ್ಲ. ಹೊರವಲಯದ ಜಿಲ್ಲೆಗಳ ತಪ್ಪು ಸಾಬೀತಾಗದೆ ಅವುಗಳನ್ನು ನಗರದ ಜೊತೆ ಸೇರಿಸುವಂತಿಲ್ಲ ಎಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗಡಿ ದಾಟಿ ಮನೆ ಕೊಂಡರೆ ಮುಗಿಯಿತು, ಅಲ್ಲಿ ಮಕ್ಕಳು ಬೇರೆಬೇರೆಯಾದರು. ಇಲ್ಲಿ ಕ್ಯಾರಿಯೂ ರಾಲಿಯೂ ಒಂದೇ ಜಿಲ್ಲೆ. 1982ರಿಂದ ನಗರದೊಳಗಿನ ಶಾಲೆಗಳನ್ನು ಮ್ಯಾಗ್ನೆಟ್, ಅಂದರೆ ದೂರದ ಮಕ್ಕಳನ್ನೂ ಸೆಳೆಯುವ ಶಾಲೆ ಮಾಡಿ, ಬೇರೆಲ್ಲೂ ಸಿಗದ ಸಂಗೀತ, ನೃತ್ಯ, ವಿಜ್ಞಾನದ ಕ್ಲಾಸುಗಳನ್ನು ಇಟ್ಟು ಹೊರಗಿನ ಮಕ್ಕಳನ್ನು ಕರೆದರು. 2000ದಲ್ಲಿ, ಯಾವ ಮಗು ಯಾವ ಶಾಲೆಗೆ ಅಂತ ಹಂಚುವಾಗ ಬಣ್ಣದ ಬದಲು ಮನೆಯ ಆದಾಯ ನೋಡತೊಡಗಿದರು. ಯಾವ ಶಾಲೆಯಲ್ಲೂ ಉಚಿತ ಅಥವಾ ಕಡಿಮೆ ಬೆಲೆಯ ಊಟ ಪಡೆಯುವ ಮಕ್ಕಳು 40%ಗಿಂತ ಜಾಸ್ತಿ ಇರಬಾರದು ಅನ್ನುವುದು ಗುರಿಯಾಗಿತ್ತು. 2010ರಲ್ಲಿ ಹೊಸ ಶಾಲಾ ಬೋರ್ಡ್ ಅದನ್ನು ಕೈಬಿಟ್ಟಿತು. ಮ್ಯಾಗ್ನೆಟ್ ಶಾಲೆಗಳು ಉಳಿದಿವೆ, ಲಿಗನ್ ಅಂಥದ್ದೇ ಒಂದು. ಅಂದರೆ ಈಗ ಬೆರೆಯುವುದು ಬಿಡುವುದು ಬಹಳಮಟ್ಟಿಗೆ ನಮ್ಮಂಥ ಅಪ್ಪ ಅಮ್ಮಂದಿರ ಕೈಯಲ್ಲೇ ಇದೆ.

"ಇದು ಅವರ ಜಗಳ, ನಮಗ್ಯಾಕೆ" ಅಂತ ಒಬ್ಬರು ಹೇಳಿದರು. ಅಮೆರಿಕಕ್ಕೆ ವಲಸೆ ಬರಲು 1946ರ ಕಾನೂನಿನಲ್ಲಿ ಭಾರತಕ್ಕಿದ್ದ ಕೋಟಾ ವರ್ಷಕ್ಕೆ ಬರೀ 100 ಜನ. ಬಾಗಿಲು ತೆರೆದದ್ದು 1965ರಲ್ಲಿ, ನಾಗರಿಕ ಹಕ್ಕುಗಳ ಕಾನೂನು ಬಂದ ಮರುವರ್ಷ. ಕಪ್ಪು ಜನ ಬೀದಿಗಿಳಿದು ಏಟು ತಿಂದು ತಂದ ಬದಲಾವಣೆಯ ಗಾಳಿಯಲ್ಲೇ ನಮಗೂ ದಾರಿಯಾಯಿತು. ಅವರ ಮಕ್ಕಳ ಪಕ್ಕ ನಮ್ಮ ಮಕ್ಕಳನ್ನು ಕೂರಿಸಲು ಹಿಂಜರಿಯುವುದು ನನಗಂತೂ ನಾಚಿಕೆಯ ವಿಷಯ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಮ್ಯಾಗ್ನೆಟ್ ಶಾಲೆಗೆ ಸೇರಿಸಿದ ತಕ್ಷಣ ಎಲ್ಲ ಬೆರೆತಂತಲ್ಲ. ಮುಂದುವರಿದ ಗಣಿತದ ಕ್ಲಾಸಿಗೆ ಹೋಗಿ ನೋಡಿದರೆ ನಮ್ಮವರು, ಚೀನಿಯರು, ಬಿಳಿಯರು. ಪಕ್ಕದ ಕ್ಲಾಸಿನಲ್ಲಿ ಉಳಿದವರು. ಒಂದೇ ಬಾಗಿಲಿನಿಂದ ಒಳಗೆ ಬಂದು ಬೇರೆಬೇರೆ ಕೋಣೆ ಸೇರುತ್ತಾರೆ. ಶಾಲೆ ನೋಡಲು ಹೋದಾಗ ಇದನ್ನು ಪ್ರಿನ್ಸಿಪಾಲರನ್ನು ನೇರವಾಗಿ ಕೇಳಿ. ಮುಂದಿನ ಹಂತದ ಗಣಿತಕ್ಕೆ ಯಾರನ್ನು ಹೇಗೆ ಆರಿಸುತ್ತೀರಿ, ಯಾವ ಮಕ್ಕಳಿಗೆ ಶಿಕ್ಷೆ ಜಾಸ್ತಿ ಆಗುತ್ತದೆ ಅಂತ ಕೇಳಿ. ಉತ್ತರ ಹೇಗೆ ಬರುತ್ತದೆ ಅನ್ನುವುದರಲ್ಲೇ ಶಾಲೆ ಎಂಥದ್ದು ಅಂತ ಗೊತ್ತಾಗುತ್ತದೆ. ಸೇರಿಸಿದ ಮೇಲೆ ಪಿಟಿಎ (ಪೋಷಕರು ಮತ್ತು ಟೀಚರ್‌ಗಳ ಸಂಘ) ಮೀಟಿಂಗಿಗೂ ಹೋಗಿ. ಹುಟ್ಟುಹಬ್ಬಕ್ಕೆ ಕನ್ನಡ ಕೂಟದ ಮಕ್ಕಳ ಜೊತೆ ಕ್ಲಾಸಿನ ಮಕ್ಕಳನ್ನೂ ಮನೆಗೆ ಕರೆಯಿರಿ.

ಕಷ್ಟವೂ ಇದೆ. ಬಸ್ ಬೇಗ ಬರುತ್ತದೆ, ಸ್ಟಾಪ್ ಮನೆ ಮುಂದೆಯೇ ಇರುವುದಿಲ್ಲ. ಸೀಟಿಗೆ ಪರೀಕ್ಷೆ ಇಲ್ಲ, ಲಾಟರಿ. ಅಣ್ಣ ಅಕ್ಕ ಅಲ್ಲೇ ಓದುತ್ತಿದ್ದರೆ ತಮ್ಮ ತಂಗಿಗೆ ಮೊದಲ ಅವಕಾಶ. ಅರ್ಜಿಯ ದಿನಾಂಕವನ್ನು ವೇಕ್ ಕೌಂಟಿ ಶಾಲೆಗಳ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಶಾಲೆ ಶುರುವಾಗುವುದಕ್ಕೆ ಎಷ್ಟೋ ತಿಂಗಳು ಮೊದಲೇ ಅದು ಮುಗಿದುಹೋಗುತ್ತದೆ, ಆದ್ದರಿಂದ ಮನೆ ಗೊತ್ತಾದ ಕೂಡಲೇ ಇದರ ಕೆಲಸ ನೋಡಿ. ಶಾಲೆ ನೋಡಲು ಹೋಗುವ ದಿನ ಜೊತೆಗೆ ಯಾರಾದರೂ ಬೇಕಿದ್ದರೆ ಮೆಸೇಜ್ ಮಾಡಿ, ನಾನು ಬರುತ್ತೇನೆ.