"ಅಂತ ಹೇಳಿದ್ರು" ಅನ್ನೋದನ್ನ ಇಂಗ್ಲಿಷ್‌ನಲ್ಲಿ ಬರೆಯೋದು ಹೇಗೆ? ರಿಪೋರ್ಟೆಡ್ ಸ್ಪೀಚ್ ಬಗ್ಗೆ ಸಹಾಯ ಬೇಕು

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ನಾನು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹತ್ತನೇ ಕ್ಲಾಸಿನವರೆಗೂ ಓದಿದ್ದು ಕನ್ನಡ ಮೀಡಿಯಂನಲ್ಲಿ. ಬಿಪಿ, ಟೆಂಪರೇಚರ್, ಕೊಟ್ಟ ಮಾತ್ರೆ ಇವನ್ನೆಲ್ಲ ಬರೆಯೋಕೆ ನನಗೇನೂ ಕಷ್ಟ ಇಲ್ಲ, ಅಲ್ಲಿ ಪೂರ್ತಿ ವಾಕ್ಯ ಬೇಕಾಗಲ್ಲ. ಪೇಷಂಟ್ ಬಾಯಲ್ಲಿ ಹೇಳಿದ್ದನ್ನ ನೋಟ್ಸ್‌ಗೆ ಇಳಿಸೋವಾಗ ಮಾತ್ರ ಪೆನ್ನು ನಿಂತುಬಿಡುತ್ತೆ.

ಹೋದ ವಾರದ ಮಾತು. ರಾತ್ರಿ 11:50ಕ್ಕೆ ಒಬ್ಬರು ಅಜ್ಜ ಕರೆದು, "ಇವತ್ತು ಬೆಳಿಗ್ಗೆಯಿಂದ ಹೊಟ್ಟೆ ನೋಯ್ತಾ ಇದೆ ಸಿಸ್ಟರ್, ನಾನು ಏನೂ ತಿಂದಿಲ್ಲ" ಅಂದ್ರು. ಆಗಲೇ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ, ಅವರು ಹೇಳಿದ್ದನ್ನ ಮಾಡಿದೆ. ಪಕ್ಕದ ಬೆಡ್ಡಿನ ಡ್ರಿಪ್ ಮುಗಿದಿತ್ತು, ಅದನ್ನ ಬದಲಾಯಿಸಿ ಬರೆಯೋಕೆ ಕೂತಾಗ 12:30. ಬರೆದದ್ದು ಹೀಗೆ: "ಪೇಷಂಟ್ ಟೋಲ್ಡ್ ದಟ್ ಐ ಆಮ್ ಹ್ಯಾವಿಂಗ್ ಸ್ಟಮಕ್ ಪೇನ್ ಫ್ರಮ್ ಟುಡೇ ಮಾರ್ನಿಂಗ್, ಐ ಡಿಡ್ ನಾಟ್ ಈಟ್ ಎನಿಥಿಂಗ್."

ಬೆಳಿಗ್ಗೆ ಪಾಳಿ ಬದಲಾದಾಗ ಬೇರೆ ಡಾಕ್ಟ್ರು ಬಂದು ಓದಿ, "ಟುಡೇ ಮಾರ್ನಿಂಗ್ ಅಂದ್ರೆ ಯಾವ ಬೆಳಿಗ್ಗೆ? ಈಗಷ್ಟೇ ಶುರುವಾಯ್ತಾ?" ಅಂತ ಕೇಳಿದ್ರು. ಮೇಲೆ ನಾನು ಹಾಕಿದ್ದ ತಾರೀಖು ಹೊಸ ದಿನದ್ದು! ನೋವು ಶುರುವಾಗಿ ಹತ್ತಿರ ಹತ್ತಿರ 24 ಗಂಟೆ ಆಗಿತ್ತು. ಎದುರಿಗೇ ಇದ್ದೆ, ಬಾಯಲ್ಲಿ ಹೇಳಿ ಸರಿಮಾಡಿದೆ. ಡ್ಯೂಟಿ ಮುಗಿಸಿ ಹೊರಟುಬಿಟ್ಟಿದ್ರೆ? ಅವತ್ತಿನಿಂದ ಇದು ಮನಸ್ಸನ್ನ ಕೊರೀತಾ ಇದೆ.

ಟೋಲ್ಡ್ ಬರೀಬೇಕಾ, ಸೆಡ್ ಬರೀಬೇಕಾ? "ಐ" ಇರಬೇಕಾ, "ಹಿ" ಆಗಬೇಕಾ? ಶಾಲೆಯಲ್ಲಿ ಡೈರೆಕ್ಟ್ ಇಂಡೈರೆಕ್ಟ್ ಟೇಬಲ್ ಬಾಯಿಪಾಠ ಮಾಡಿದ್ದೆ, ಮಾರ್ಕ್ಸೂ ಬಂದಿತ್ತು. ಬರೆಯೋ ಹೊತ್ತಿಗೆ ಅದರಲ್ಲಿ ಒಂದು ಸಾಲೂ ನೆನಪಿಗೆ ಬರಲ್ಲ. ದಯವಿಟ್ಟು ಯಾರಾದ್ರೂ ಮನಸ್ಸಿಗೆ ಹತ್ತೋ ಹಾಗೆ ಹೇಳಿಕೊಡಿ.

ವ್ಯಾಕರಣಾಭ್ಯಾಸಿ

ಟೇಬಲ್ ಮರೆತಿದ್ರೆ ಚಿಕ್ಕದಾಗಿ ಹೇಳ್ತೀನಿ. ಮುಂದೆ "ಸೆಡ್" ಇದ್ದರೆ ಒಳಗಿನ ಕ್ರಿಯಾಪದ ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತೆ. ಈಸ್ ಇದ್ದದ್ದು ವಾಸ್, ಹ್ಯಾಸ್ ಈಟನ್ ಇದ್ದದ್ದು ಹ್ಯಾಡ್ ಈಟನ್, ವಿಲ್ ಇದ್ದದ್ದು ವುಡ್, ಕ್ಯಾನ್ ಇದ್ದದ್ದು ಕುಡ್. ವುಡ್, ಕುಡ್, ಶುಡ್, ಮೈಟ್ ಮೊದಲೇ ಇದ್ದರೆ ಹಾಗೇ ಇರುತ್ತೆ. ಟುಡೇ ಹೋಗಿ ದಟ್ ಡೇ, ಟುಮಾರೋ ಹೋಗಿ ದಿ ನೆಕ್ಸ್ಟ್ ಡೇ, ಹಿಯರ್ ಹೋಗಿ ದೇರ್. ನಿಮ್ಮ ವಾಕ್ಯದಲ್ಲಿ "ಐ" ಖಂಡಿತ "ಹಿ" ಆಗಬೇಕು.

ನಿವೃತ್ತ ಮೇಷ್ಟ್ರು

ಸಿಸ್ಟರ್, ನಿಮ್ಮ ಪ್ರಶ್ನೆ ಓದಿದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ. ನಾನು 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು. ಮೇಲಿನವರು ಹೇಳಿದ್ದು ಎಲ್ಲವೂ ಸರಿ. ಆದರೆ ಅದು ಪರೀಕ್ಷೆಯಲ್ಲಿ ಕೈಹಿಡಿಯುತ್ತದೆ, ವಾರ್ಡಿನಲ್ಲಿ ಹಿಡಿಯುವುದಿಲ್ಲ. ಪರೀಕ್ಷೆಯಲ್ಲಿ ಇಂಗ್ಲಿಷ್ ವಾಕ್ಯವನ್ನೇ ಕೊಟ್ಟು ಬದಲಿಸಿ ಅನ್ನುತ್ತೇವೆ. ನಿಮಗೆ ಸಿಗುವುದು ಕನ್ನಡದ ಮಾತು. ನಿಮ್ಮ ತಪ್ಪು ಹುಟ್ಟಿದ್ದೇ ಅಲ್ಲಿ, ಅದೂ ಕನ್ನಡ ಚೆನ್ನಾಗಿ ಬಲ್ಲವರು ಮಾಡುವಂಥ ತಪ್ಪು.

"ನಾನು ನಾಳೆ ಬರ್ತೀನಿ ಅಂತ ಅವನು ಹೇಳಿದ." ಈ ವಾಕ್ಯವನ್ನು ಒಂದು ಸಲ ನಿಧಾನವಾಗಿ ಓದಿ. "ನಾನು" ಅಂದರೆ ಅವನೇ. "ನಾಳೆ" ಅವನ ನಾಳೆ. "ಬರ್ತೀನಿ" ಅವನ ಬಾಯಿಂದ ಬಂದ ಹಾಗೇ ಇದೆ. ಆಡಿದ ಮಾತನ್ನು ಮುರಿಯದೆ ಹಾಗೇ ಎತ್ತಿಟ್ಟು ಹಿಂದೆ ಒಂದು "ಅಂತ" ಸೇರಿಸಿದರೆ ನಮ್ಮ ಕೆಲಸ ಮುಗಿಯಿತು. ನೀವು ಆ "ಅಂತ"ವನ್ನು "ದಟ್" ಮಾಡಿದಿರಿ, ಅದರೊಳಗಿನ ಮಾತನ್ನು ಅಜ್ಜನ ಬಾಯಲ್ಲೇ ಬಿಟ್ಟಿರಿ. ಇಂಗ್ಲಿಷಿನಲ್ಲಿ "ದಟ್" ಬಂದ ಕ್ಷಣದಿಂದ ಮಾತು ಬರೆಯುವವರದು. ನೀವು "ಐ" ಅಂದರೆ ನೀವೇ. ನೀವು "ಟುಡೇ" ಅಂದರೆ ನೀವು ಬರೆಯುತ್ತಿರುವ ದಿನ. ಹಾಗಾಗಿ ನಿಮ್ಮ ನೋಟ್ಸಿನ ಪ್ರಕಾರ ಹೊಟ್ಟೆನೋವು ನಿಮಗೆ, ಅದೂ ಇನ್ನೂ ಬೆಳಕೇ ಹರಿಯದ ದಿನದ ಬೆಳಿಗ್ಗೆಯಿಂದ!

ಇದಕ್ಕೆ ಕನ್ನಡದಲ್ಲೇ ಒಂದು ಮೆಟ್ಟಿಲು ಇದೆ. ಪತ್ರಿಕೆಗಳಲ್ಲಿ "ನಾನು ನಾಳೆ ಬರ್ತೀನಿ ಅಂತ ಹೇಳಿದ" ಅಂತ ಬರೆಯುವುದಿಲ್ಲ, "ತಾನು ಮರುದಿನ ಬರುವುದಾಗಿ ಹೇಳಿದ" ಅಂತ ಬರೆಯುತ್ತಾರೆ. ನೋಡಿ, "ನಾನು" ಹೋಗಿ "ತಾನು" ಬಂತು, "ನಾಳೆ" ಹೋಗಿ "ಮರುದಿನ" ಬಂತು. ಇಂಗ್ಲಿಷ್ ಕೇಳುವುದು ಇದನ್ನೇ. ಪೆನ್ನು ಹಿಡಿಯುವ ಮುಂಚೆ ಅಜ್ಜನ ಮಾತನ್ನು ಮನಸ್ಸಿನಲ್ಲಿ ಒಮ್ಮೆ ಹೀಗೆ ತಿರುಗಿಸಿಕೊಳ್ಳಿ: "ಬೆಳಿಗ್ಗೆಯಿಂದ ತಮಗೆ ಹೊಟ್ಟೆನೋವು ಇರುವುದಾಗಿಯೂ ತಾವು ಏನೂ ತಿನ್ನದೆ ಇರುವುದಾಗಿಯೂ ಹೇಳಿದರು." ಇಷ್ಟಾದರೆ "ಐ" ಬರೆಯಲು ಕೈ ಹೋಗುವುದೇ ಇಲ್ಲ.

ಪ್ರಶ್ನೆಗೂ ಇದೇ ದಾರಿ. "ಡಾಕ್ಟ್ರು ಬರ್ತಾರಾ ಅಂತ ಕೇಳಿದ" ಎನ್ನುವುದನ್ನು ನೇರವಾಗಿ ತಂದರೆ "ಹಿ ಆಸ್ಕ್ಡ್ ದಟ್ ವಿಲ್ ದಿ ಡಾಕ್ಟರ್ ಕಮ್" ಆಗಿಬಿಡುತ್ತದೆ. ನನ್ನ ಮಕ್ಕಳ ಉತ್ತರಪತ್ರಿಕೆಗಳಲ್ಲಿ ವರ್ಷ ವರ್ಷವೂ ಅತಿ ಹೆಚ್ಚು ಕಂಡ ತಪ್ಪು ಇದು. ಅದನ್ನೇ "ಬರುತ್ತಾರೋ ಇಲ್ಲವೋ ಎಂದು ವಿಚಾರಿಸಿದ" ಮಾಡಿಕೊಳ್ಳಿ. ಆ "ಓ"ಕಾರವೇ ಇಂಗ್ಲಿಷಿನ "ವೆದರ್" ಅಥವಾ "ಇಫ್". ಏನು, ಎಲ್ಲಿ, ಯಾವಾಗ ಅನ್ನುವ ಪ್ರಶ್ನೆಯಾದರೆ ಆ ಪ್ರಶ್ನೆಪದವೇ ಸಾಕು, ಅದರ ಮುಂದೆ "ದಟ್" ಬೇಡ. ಅಪ್ಪಣೆಯಾದರೆ "ನೀರು ಕುಡೀಬೇಡಿ ಅಂತ ಹೇಳಿದೆ" ಅನ್ನುವುದನ್ನು "ನೀರು ಕುಡಿಯದಿರಲು ಹೇಳಿದೆ" ಮಾಡಿಕೊಳ್ಳಿ. ಆ "ಅಲು" ಪ್ರತ್ಯಯಕ್ಕೆ "ಟು" ಎದುರು ನಿಲ್ಲುತ್ತದೆ: "ಐ ಟೋಲ್ಡ್ ಹಿಮ್ ನಾಟ್ ಟು ಡ್ರಿಂಕ್ ವಾಟರ್."

ನಾವು ಎಲ್ಲಕ್ಕೂ "ಅಂತ" ಒಂದನ್ನೇ ಬಳಸುತ್ತೇವೆ, ಅವರು ಮೂರು ಬಾಗಿಲು ಇಟ್ಟಿದ್ದಾರೆ. ಇದನ್ನು ನಾನು ತರಗತಿಯಲ್ಲಿ ಕಲಿಸಲು ಶುರುಮಾಡಿದ್ದು ಕೊನೆಯ ನಾಲ್ಕೈದು ವರ್ಷಗಳಲ್ಲಿ ಮಾತ್ರ. ಅದಕ್ಕೂ ಮುಂಚಿನ ಮಕ್ಕಳಿಗೆ ಟೇಬಲ್ ಕೊಟ್ಟು ಕಳಿಸಿದೆನಲ್ಲ ಎಂಬ ನೋವು ಇವತ್ತಿಗೂ ಇದೆ.

ಸೆಡ್, ಟೋಲ್ಡ್ ವಿಷಯ ಸುಲಭ. "ಟೋಲ್ಡ್" ಬರೆದರೆ ಅದರ ಬೆನ್ನಿಗೇ ಯಾರಿಗೆ ಅನ್ನುವುದು ಬರಬೇಕು: ಟೋಲ್ಡ್ ಮಿ, ಟೋಲ್ಡ್ ದಿ ಡಾಕ್ಟರ್. ಯಾರಿಗೆ ಅನ್ನುವುದು ಬೇಡವಾದರೆ "ಸೆಡ್". ಕನ್ನಡದಲ್ಲಿ ಬರೀ "ಅಂದ" ಅನ್ನುವ ಕಡೆ "ಸೆಡ್" ಕೂರುತ್ತದೆ. ಇನ್ನು "ಬೆಳಿಗ್ಗೆಯಿಂದ" ಅನ್ನುವ "ಇಂದ" ನಿಮ್ಮನ್ನು "ಫ್ರಮ್" ಕಡೆ ಎಳೆದಿದೆ. ಶುರುವಾಗಿ ಇನ್ನೂ ನಡೆಯುತ್ತಿರುವುದಕ್ಕೆ "ಸಿನ್ಸ್" ಬರಬೇಕು.

ಒಂದು ಎಚ್ಚರಿಕೆ. ಕ್ರಿಯಾಪದವನ್ನು ಹಿಂದಕ್ಕೆ ತಳ್ಳುವ ನಿಯಮ ಕಣ್ಣುಮುಚ್ಚಿ ಹಾಕುವಂಥದ್ದಲ್ಲ. ಒಬ್ಬರು ತಮಗೆ ಪೆನಿಸಿಲಿನ್ ಅಲರ್ಜಿ ಅಂತ ನಿಮಗೆ ಹೇಳಿದರು ಅನ್ನಿ. "ಶಿ ಸೆಡ್ ದಟ್ ಶಿ ವಾಸ್ ಅಲರ್ಜಿಕ್" ಅನ್ನುವುದು ವ್ಯಾಕರಣಕ್ಕೆ ಸರಿಯೇ. ಆದರೆ ಓದುವವರಿಗೆ ಮುಂಚೆ ಇತ್ತು, ಈಗ ಇಲ್ಲ ಅಂತಲೂ ಅನ್ನಿಸಬಹುದು. ಹೇಳಿದ ಸಂಗತಿ ಬರೆಯುವಾಗಲೂ ನಿಜವಾಗಿದ್ದರೆ "ಈಸ್" ಅನ್ನು ಹಾಗೇ ಇಡಲು ಇಂಗ್ಲಿಷ್ ಒಪ್ಪುತ್ತದೆ. ನಿಮ್ಮ ಕೆಲಸದಲ್ಲಿ ಇಡಲೇಬೇಕು. "ಶಿ ಸೇಸ್" ಅಂತ ಶುರುಮಾಡಿದರೆ ಹಿಂದಕ್ಕೆ ತಳ್ಳುವ ಪ್ರಶ್ನೆಯೇ ಬರುವುದಿಲ್ಲ.

ಪದಕುತೂಹಲಿ

ಮೇಷ್ಟ್ರೇ, ತುಂಬಾ ಚೆನ್ನಾಗಿ ಬಿಡಿಸಿ ಹೇಳಿದ್ರಿ. ಅನುವಾದದ ಕೆಲಸ ಮಾಡೋಳು ನಾನು, ಒಂದು ಮಾತು ಸೇರಿಸ್ತೀನಿ. ನಮ್ಮ "ಅಂತೆ" ಇದಕ್ಕಿಂತ ಕಷ್ಟ. "ಅಜ್ಜನಿಗೆ ರಾತ್ರಿಯೆಲ್ಲ ನಿದ್ದೆ ಬಂದಿಲ್ವಂತೆ" ಅಂತ ಮಗಳು ಹೇಳ್ತಾಳೆ ಅನ್ನಿ. ಅಜ್ಜನೇ ಅವಳಿಗೆ ಹೇಳಿದ್ನಾ, ಪಕ್ಕದ ಬೆಡ್ಡಿನವರು ಹೇಳಿದ್ರಾ, ಆ "ಅಂತೆ"ಯಲ್ಲಿ ಗೊತ್ತಾಗಲ್ಲ. ಅವಳು ಕಣ್ಣಾರೆ ನೋಡಿಲ್ಲ ಅನ್ನೋದು ಮಾತ್ರ ಗೊತ್ತಾಗುತ್ತೆ. ಇಂಗ್ಲಿಷ್‌ನಲ್ಲಿ ಅಷ್ಟು ಚಿಕ್ಕ ಪ್ರತ್ಯಯ ಇಲ್ಲ. ಹಾಗಂತ ಅದನ್ನ ಬಿಟ್ಟು ಬರೆದರೆ ಕೇಳಿದ ಮಾತು ಕಂಡ ಸತ್ಯ ಆಗಿಬಿಡುತ್ತೆ. "ಹಿಸ್ ಡಾಟರ್ ಸೆಡ್ ದಟ್" ಅಂತ ಹೇಳಿದವರನ್ನ ಮುಂದೆ ನಿಲ್ಲಿಸಿಯೇ ಬರೀರಿ ಸಿಸ್ಟರ್. ಯಾರಿಂದ ಕೇಳಿದ್ದು ಅಂತ ಅವಳನ್ನೇ ಒಂದು ಸಲ ಕೇಳಿಬಿಟ್ಟರೆ ಇನ್ನೂ ಒಳ್ಳೆಯದು.

ರಾತ್ರಿಪಾಳಿ

ಮೇಷ್ಟ್ರೇ, ಕಣ್ಣು ತುಂಬಿ ಬಂತು. "ಇರುವುದಾಗಿ" ಅಂತ ಮಾಡ್ಕೋಬೇಕು ಅನ್ನೋದನ್ನ ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ನಿನ್ನೆ ಡ್ಯೂಟಿ ಮುಗಿಸಿ ಬಂದು, ಅಜ್ಜನ ವಿಷಯವನ್ನೇ ಮತ್ತೆ ಬರೆದು ನೋಡಿದೆ. ಅವರು ಅವತ್ತು ಇನ್ನೊಂದು ಮಾತೂ ಕೇಳಿದ್ರು, ಅದನ್ನೂ ಸೇರಿಸಿದ್ದೀನಿ. ದಯವಿಟ್ಟು ತಿದ್ದಿಕೊಡಿ ಸರ್.

"ದಿ ಪೇಷಂಟ್ ಸೆಡ್ ದಟ್ ಹಿ ಹ್ಯಾಡ್ ಬೀನ್ ಹ್ಯಾವಿಂಗ್ ಸ್ಟಮಕ್ ಪೇನ್ ಸಿನ್ಸ್ ದಟ್ ಮಾರ್ನಿಂಗ್ ಆಂಡ್ ಹ್ಯಾಡ್ ನಾಟ್ ಈಟನ್ ಎನಿಥಿಂಗ್. ಹಿ ಆಸ್ಕ್ಡ್ ಮಿ ವೆದರ್ ವುಡ್ ದಿ ಡಾಕ್ಟರ್ ಕಮ್."

ನಿವೃತ್ತ ಮೇಷ್ಟ್ರು

ಮೊದಲ ವಾಕ್ಯದ ವ್ಯಾಕರಣದಲ್ಲಿ ನಾನು ಮುಟ್ಟುವಂಥದ್ದು ಏನೂ ಇಲ್ಲ ಸಿಸ್ಟರ್. ಓದಿ ಬಹಳ ಸಂತೋಷವಾಯಿತು.

ಎರಡನೆಯದರಲ್ಲಿ "ವೆದರ್" ಸರಿಯಾಗಿ ಹಿಡಿದಿದ್ದೀರಿ, ಆದರೆ ಅದರ ಹಿಂದೆ ಪ್ರಶ್ನೆಯ ವರಸೆ ಉಳಿದುಕೊಂಡಿದೆ. "ವುಡ್ ದಿ ಡಾಕ್ಟರ್ ಕಮ್" ಅನ್ನುವುದು ಎದುರಿಗೆ ನಿಂತು ಕೇಳುವ ಪ್ರಶ್ನೆ. ನೀವು ಈಗ ಕೇಳುತ್ತಿಲ್ಲ, ಕೇಳಿದ್ದನ್ನು ತಿಳಿಸುತ್ತಿದ್ದೀರಿ. ಹಾಗಾಗಿ ಮಾಮೂಲಿ ವಾಕ್ಯದ ಸಾಲಿಗೆ ತನ್ನಿ: "ವೆದರ್ ದಿ ಡಾಕ್ಟರ್ ವುಡ್ ಕಮ್." ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕದೆ ಪೂರ್ಣವಿರಾಮ ಇಟ್ಟಿದ್ದೀರಿ, ಅದು ಸರಿ.

"ದಟ್ ಮಾರ್ನಿಂಗ್" ಬಗ್ಗೆ ಒಂದು ಮಾತು. ಪಾಠದ ಪುಸ್ತಕದಲ್ಲಾದರೆ ಅದೇ ಉತ್ತರ, ಪೂರ್ತಿ ಅಂಕ ಕೊಡುತ್ತಿದ್ದೆ. ನೀವು ಬರೆದದ್ದು ನಡುರಾತ್ರಿ ದಾಟಿದ ಮೇಲೆ. ಮೇಲೆ ಹೊಸ ತಾರೀಖು ಕೂತಿರುವಾಗ "ದಟ್ ಮಾರ್ನಿಂಗ್" ಕೂಡ ಓದುವವರನ್ನು ತಡವರಿಸುತ್ತದೆ, "ಪ್ರೀವಿಯಸ್ ಮಾರ್ನಿಂಗ್" ಕೂಡ. ಅಲ್ಲಿ ದಿನವನ್ನೇ ಬರೆಯಿರಿ. ಅಜ್ಜ ಹೇಳಿದ್ದು 14ನೇ ತಾರೀಖಿನ ರಾತ್ರಿಯಾದರೆ "ಸಿನ್ಸ್ ದಿ ಮಾರ್ನಿಂಗ್ ಆಫ್ ದಿ 14ತ್" ಅನ್ನಿ, ಅವರು ಹೇಳಿದ ಹೊತ್ತು 11:50 ಅನ್ನುವುದನ್ನೂ ಪಕ್ಕದಲ್ಲಿ ನಮೂದಿಸಿ. ಬೆಳಗಿನ ಪಾಳಿಯವರು ಎಷ್ಟು ಹೊತ್ತಿಗೆ ಓದಿದರೂ ಆ ಬೆಳಿಗ್ಗೆ ಅದೇ ಬೆಳಿಗ್ಗೆಯಾಗಿ ಉಳಿಯುತ್ತದೆ.