ಗರಿಯಮ್ಮನ ಹೇನು

ಸೀನ: ಕಥೆಗೆ ಅಂತ ಒಬ್ಬ ವಿದ್ಯಾದೇವತೆನ ಹುಟ್ಟಿಸಿದೀನಿ. ಹೆಸರು ಗರಿಯಮ್ಮ. ಕೈಲಿ ಓಲೆಗರಿ, ಸುತ್ತ ನೂರು ಜನ ಪೂಜಾರಿಗಳು. ಶಿಸ್ತು ಅಂದ್ರೆ ಶಿಸ್ತು! ಬೆಳಗಿನ ಜಾವ ಏಳೋದು, ತಣ್ಣೀರು ಸ್ನಾನ, ಮೌನ.

ಪದ್ದಕ್ಕ: ಆಮೇಲೆ?

ಸೀನ: ಆಮೇಲೆ... ಇನ್ನೊಂದಿಷ್ಟು ಮೌನ.

ಪದ್ದಕ್ಕ: ಲೋ, ಇವಳು ವಿದ್ಯಾದೇವತೆನೋ ಹಾಸ್ಟೆಲ್ ವಾರ್ಡನ್ನೋ?

ಮೇಷ್ಟ್ರು: ತಣ್ಣೀರು ಇರಲಿ ಬಿಡಮ್ಮ. ಈಜಿಪ್ಟಿನ ಪೂಜಾರಿಗಳು ಹಗಲು ಎರಡು ಸಲ, ರಾತ್ರಿ ಎರಡು ಸಲ ತಣ್ಣೀರು ಸುರ್ಕೋತಿದ್ರು, ದಿನ ಬಿಟ್ಟು ದಿನ ಮೈಯೆಲ್ಲಾ ಬೋಳಿಸ್ಕೋತಿದ್ರು ಅಂತ ಹಳೇ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಕಾರಣಾನೂ ಹೇಳ್ತಾನೆ, ದೇವರ ಸೇವೆ ಮಾಡೋರ ಮೈಮೇಲೆ ಹೇನು ಇರಬಾರದು ಅಂತ.

ಪದ್ದಕ್ಕ: ನೋಡಿದ್ಯಾ? ನಿಯಮದ ಹಿಂದೆ ಒಂದು ಹೇನಿದೆ. ನಿನ್ನ ಗರಿಯಮ್ಮನ ಹೇನು ಯಾವುದು ಹೇಳು.

ಸೀನ: ಅಜ್ಞಾನ ಅನ್ನೋ ರಾಕ್ಷಸ.

ಪದ್ದಕ್ಕ: ಅದು ನಾಟಕದ ಪರದೆಗೆ ಸರಿ. ಗರಿಗೆ ಶತ್ರು ಗೆದ್ದಲು, ತೇವ, ಆಮೇಲೆ ನಿದ್ದೆಗಣ್ಣಲ್ಲಿ ಬರೆಯೋ ನಿನ್ನಂಥ ಪೂಜಾರಿ. ಸ್ನಾನ ಮಾಡಿ ಒದ್ದೆ ಕೈಯಲ್ಲಿ ಗರಿ ಮುಟ್ಟಿದ್ರೆ ಬೂಷ್ಟು ಬರುತ್ತೆ. ಅದಕ್ಕೆ ಮೊದಲ ವ್ರತ ಸ್ನಾನ ಅಲ್ಲ, ಕೈ ಒರೆಸಿಕೊಳ್ಳೋದು.

ಮೇಷ್ಟ್ರು: ಬರೆಯೋದಕ್ಕೂ ಸಂಯಮ ಬೇಕು. ನಮ್ಮ ಕಡೆ ಗರಿ ಮೇಲೆ ಶಾಯಿಯಲ್ಲಿ ಬರೆಯೋದಲ್ಲಯ್ಯ, ಕಂಟ ಅನ್ನೋ ಮೊನಚಾದ ಕಬ್ಬಿಣದ ಕಡ್ಡಿಯಲ್ಲಿ ಗೀರೋದು. ಒತ್ತಿದ್ರೆ ತೂತು, ನಾರಿನ ಉದ್ದಕ್ಕೆ ನೇರ ಗೆರೆ ಎಳೆದ್ರೆ ಸೀಳು. ಗೀರಿ ಆದಮೇಲೆ ಎಣ್ಣೆ ಬೆರೆಸಿದ ಮಸಿ ತಿಕ್ಕಿ ಒರೆಸಬೇಕು, ಆಗ ಮಸಿ ಗೀರಲ್ಲಷ್ಟೇ ಉಳಿದು ಅಕ್ಷರ ಕಾಣುತ್ತೆ.

ಸೀನ: ಇಷ್ಟು ಕಷ್ಟಪಟ್ಟ ಮೇಲೆ ತಪ್ಪು ಹೇಗೆ ಬರುತ್ತೆ?

ಮೇಷ್ಟ್ರು: ಕಣ್ಣು ಹಾರುತ್ತೆ. ಮೂಲದಲ್ಲಿ ಹೀಗಿದೆ ಅಂತಿಟ್ಕೋ: ‘ಒಳಗೆ ಬಂದಾಗ ದೀಪ ಹಚ್ಚಿ ಗರಿ ಓದಬೇಕು, ಓದಿದ ಮೇಲೆ ದೀಪ ಆರಿಸಿ ಗರಿ ಕಟ್ಟಿಡಬೇಕು.’ ಒಂದು ‘ದೀಪ’ ಬರೆದು ತಲೆ ಎತ್ತಿದ, ಕಣ್ಣು ಇನ್ನೊಂದು ‘ದೀಪ’ದ ಮೇಲೆ ಬಿತ್ತು. ಈಗ ಏನಾಯ್ತು? ‘ಒಳಗೆ ಬಂದಾಗ ದೀಪ ಆರಿಸಿ ಗರಿ ಕಟ್ಟಿಡಬೇಕು.’

ಪದ್ದಕ್ಕ: ಮೂರು ತಲೆಮಾರು ಕತ್ತಲಲ್ಲಿ ಪೂಜೆ! ನಾಲ್ಕನೆಯವನು ಬಂದು ‘ಈ ಕತ್ತಲೆಯ ಒಳಾರ್ಥ’ ಅಂತ ವ್ಯಾಖ್ಯಾನ ಬರೀತಾನೆ.

ಸೀನ: ಅಂದ್ರೆ ಬುದ್ಧಿವಂತ ಪೂಜಾರಿಗಳೇ ಬೇಕು.

ಮೇಷ್ಟ್ರು: ಅಯ್ಯೋ, ಅವರೇ ಅಪಾಯ! ‘ಬಂದವರಿಗೆ ಕೈ ಮುಗಿಯಬೇಕು’ ಅಂತಿದ್ದದ್ದನ್ನ ಒಬ್ಬ ದಡ್ಡ ‘ಬಂದವರಿಗೆ ಕೈ ಮುರಿಯಬೇಕು’ ಅಂತ ಗೀರಿದ. ವ್ಯಾಕರಣ ಸೊಟ್ಟಗಿದೆ, ಓದಿದವನಿಗೆ ಅನುಮಾನ ಬರುತ್ತೆ. ಮುಂದೆ ಒಬ್ಬ ಜಾಣ ಬಂದು ‘ಬಂದವರ ಕೈ ಮುರಿಯಬೇಕು’ ಅಂತ ತಿದ್ದಿದ. ಈಗ ವಾಕ್ಯ ಅಚ್ಚುಕಟ್ಟು. ಯಾರಿಗೂ ಅನುಮಾನ ಇಲ್ಲ, ಯಾರ ಕೈಯೂ ನೆಟ್ಟಗಿಲ್ಲ.

ಪದ್ದಕ್ಕ: ದಡ್ಡ ತಪ್ಪು ಮಾಡಿದ, ಜಾಣ ಅದರ ಸಾಕ್ಷಿನೇ ಅಳಿಸಿದ. ಬರ್ಕೋ ಸೀನ: ಗರಿಯಮ್ಮನ ಗುಡಿಯಲ್ಲಿ ಯಾರೂ ಗರಿಯ ಮೇಲೆ ತಿದ್ದಬಾರದು. ಅನುಮಾನ ಬಂದ್ರೆ ಅಂಚಿನಲ್ಲಿ ಗುರುತು ಹಾಕೋದು, ಅಷ್ಟೇ.

ಮೇಷ್ಟ್ರು: ಬರೆದವನೇ ತಾಳೆ ನೋಡಬಾರದು, ಅದೂ ಸೇರಿಸು. ಅವನ ಕಣ್ಣು ಗರಿಯಲ್ಲಿರೋದನ್ನ ಬಿಟ್ಟು ನೆನಪಲ್ಲಿರೋದನ್ನ ಓದುತ್ತೆ. ಒಬ್ಬ ಮೂಲ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಪ್ರತಿ ನೋಡಬೇಕು. ಕೊನೆಗೆ ಅಕ್ಷರ ಎಣಿಕೆ. ಹೀಬ್ರೂ ಬೈಬಲ್ಲಿನ ಲಿಪಿಕಾರರು ಅಕ್ಷರ ಎಣಿಸಿ ನಟ್ಟನಡುವಿನದು ಯಾವುದು ಅಂತಲೂ ಗುರುತಿಟ್ಟಿದ್ರು.

ಸೀನ: ಗರಿ ಸುಟ್ಟೇ ಹೋದ್ರೆ?

ಮೇಷ್ಟ್ರು: ಬಾಯಿಪಾಠ. ವೇದದ ಘನಪಾಠ ನೋಡು, ಪದಗಳನ್ನ ಹಿಂದೆ ಮುಂದೆ ಮಾಡಿ ಹೇಳೋ ಕ್ರಮ. ಮೂರು ಪದ ಇದ್ರೆ 1-2, 2-1, 1-2-3, 3-2-1, 1-2-3. ಮೂರು ಪದಕ್ಕೆ ಹದಿಮೂರು ಉಚ್ಚಾರ! ಆಮೇಲೆ ಎರಡನೇ ಪದದಿಂದ ಮತ್ತೆ ಶುರು. ಒಂದು ಕಡೆ ನಾಲಿಗೆ ಜಾರಿದ್ರೆ ಇನ್ನೊಂದು ಕಡೆ ಸಿಕ್ಕಿಬೀಳುತ್ತೆ.

ಸೀನ: ನೂರು ಜನಕ್ಕೂ ವರ್ಷಪೂರ್ತಿ ಇದೇನಾ? ಓಡಿಹೋಗ್ತಾರೆ.

ಮೇಷ್ಟ್ರು: ಪಾಳಿ ಹಾಕು. ಈಜಿಪ್ಟಿನಲ್ಲಿ ನಾಲ್ಕು ತಂಡ, ಒಂದೊಂದಕ್ಕೆ ಒಂದೊಂದು ತಿಂಗಳ ಸೇವೆ. ಕ್ರಿ.ಪೂ. 238ರ ಕನೋಪಸ್ ಶಾಸನದಲ್ಲಿ ಐದನೇ ತಂಡಾನೂ ಸೇರಿಸಿದ್ರು. ನಿನ್ನ ಗುಡಿಯಲ್ಲಿ ಒಂದು ಹೊತ್ತಿಗೆ ಇಪ್ಪತ್ತೈದು ಜನ ಸಾಕು.

ಸೀನ: ದೇವತೆಗೆ ಬೇರೆ ಕೆಲಸ ಏನಾದ್ರೂ?

ಪದ್ದಕ್ಕ: ಲೆಕ್ಕ ಕೊಡು. ಈಗಿನ ಇರಾಕಿನ ಕಡೆ ಹಿಂದೆ ಇದ್ದ ಸುಮೇರಿನ ನಿಸಾಬಾ ಬರವಣಿಗೆಗೂ ದೇವತೆ, ಧಾನ್ಯಕ್ಕೂ ದೇವತೆ. ಅಲ್ಲಿ ಬರವಣಿಗೆ ಬೆಳೆದದ್ದೇ ಬಾರ್ಲಿ, ಬಿಯರ್ ಲೆಕ್ಕದಿಂದ. ಕಾವ್ಯ ಆಮೇಲೆ ಬಂತು. ನಿನ್ನ ಪೂಜಾರಿಗಳೂ ಮೊದಲು ಕಣಜದ ಲೆಕ್ಕ ಬರೀಲಿ.

ಸೀನ: ಸರಿ. ಪೂಜೆ ಮುಗಿಸೋಕೆ ಒಂದು ಮಂತ್ರ ಬೇಕಲ್ಲ?

ಮೇಷ್ಟ್ರು: ನಮ್ಮ ಹಸ್ತಪ್ರತಿಗಳ ಕೊನೇಲಿ ರೆಡಿ ಇದೆ. ‘ತೈಲಾದ್ರಕ್ಷೇತ್ ಜಲಾದ್ರಕ್ಷೇತ್’, ಎಣ್ಣೆಯಿಂದ ಕಾಪಾಡು, ನೀರಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಮಾತ್ರ ಕೊಡಬೇಡ ಅಂತ ಪುಸ್ತಕಾನೇ ಬೇಡ್ಕೊಳ್ಳುತ್ತೆ. ಇನ್ನೊಂದಿದೆ, ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ’. ಕಂಡಂಗೆ ಬರೆದಿದೀನಿ, ತಪ್ಪಿದ್ರೆ ನನ್ನ ದೋಷ ಅಲ್ಲ ಅಂತ.

ಪದ್ದಕ್ಕ: ಎರಡನೇದು ಸೀನನಿಗೇ ಹೇಳಿಮಾಡಿಸಿದಂಗಿದೆ. ಎಲ್ಲಿ, ಇಷ್ಟೊತ್ತು ಬರ್ಕೊಂಡಿದ್ದು ಕೊಡು. ‘ಶ್ರೀ ಗುರಿಯಮ್ಮನ ಗುಡಿಯ ನಿಯಮಗಳು’... ಗುರಿಯಮ್ಮ?

ಸೀನ: ಅಯ್ಯೋ, ಕೊಡಿ ಪದ್ದಕ್ಕ, ತಿದ್ದಿಬಿಡ್ತೀನಿ.

ಮೇಷ್ಟ್ರು: ಮುಟ್ಟಬೇಡ! ಅಂಚಿನಲ್ಲಿ ಗುರುತು.