ಪಾಮೀರ್ ಹೆದ್ದಾರಿ ಸೈಕಲ್‌ನಲ್ಲಿ: ದುಶಾಂಬೆಯಿಂದ ಹೊರಡುವುದಾ, ಓಶ್‌ನಿಂದಾ?

ತುಂಗಾತೀರದ ಸವಾರ:

ಎಲ್ಲರಿಗೂ ನಮಸ್ಕಾರ. ಮುಂದಿನ ಜುಲೈನಲ್ಲಿ ಪಾಮೀರ್ ಹೆದ್ದಾರಿಯನ್ನು ಸೈಕಲ್‌ನಲ್ಲಿ ದಾಟಬೇಕು ಅಂತಿದ್ದೇನೆ. ತಜಿಕಿಸ್ತಾನದ ದುಶಾಂಬೆ, ಕಿರ್ಗಿಸ್ತಾನದ ಓಶ್, ಈ ಎರಡು ಊರುಗಳ ನಡುವಿನ ದಾರಿ. ಒಂದೂವರೆ ತಿಂಗಳ ರಜೆ ಸಿಗುತ್ತದೆ.

ಊರು ತೀರ್ಥಹಳ್ಳಿ. ಆಗುಂಬೆ, ಹುಲಿಕಲ್ ಘಾಟಿಗಳನ್ನು ಆಗಾಗ ಹತ್ತುತ್ತಿರುತ್ತೇನೆ. ಹೋದ ವರ್ಷ ಮನಾಲಿಯಿಂದ ಲೇಹ್‌ಗೂ ಸೈಕಲ್‌ನಲ್ಲಿ ಹೋಗಿದ್ದೆ. ಯಾವ ಕಡೆಯಿಂದ ಶುರು ಮಾಡಿದರೆ ಒಳ್ಳೆಯದು? ವಖಾನ್ ಕಣಿವೆ ಸುತ್ತಿಕೊಂಡು ಹೋಗಬೇಕಾ, ನೇರ ದಾರಿ ಸಾಕಾ? ನಾನು ಸಸ್ಯಾಹಾರಿ, ಊಟಕ್ಕೆ ಏನು ಮಾಡುವುದು? ಪಕ್ಕದಲ್ಲೇ ಅಫ್ಘಾನಿಸ್ತಾನ ಅಂತ ಗೊತ್ತಾದ ಮೇಲೆ ಅಮ್ಮ ಸರಿಯಾಗಿ ನಿದ್ದೆ ಮಾಡಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಇಕ್ಕೇರಿ ಪೆಡಲ್:

ದುಶಾಂಬೆಯಿಂದಲೇ ಹೊರಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ನಾನೂ ನನ್ನ ಗೆಳತಿಯೂ ಹೋಗಿದ್ದು ಹಾಗೇ.

ಕಾರಣ ಎತ್ತರ. ಓಶ್ ಇರುವುದು ಸುಮಾರು 1000 ಮೀಟರ್‌ನಲ್ಲಿ. ಅಲ್ಲಿಂದ ತಾಲ್ದಿಕ್ ಪಾಸ್ (ಬೆಟ್ಟ ದಾಟುವ ಕಣಿವೆದಾರಿ) 3615 ಮೀಟರ್. ಇಳಿದರೆ ಸಾರಿ-ತಾಶ್ ಹಳ್ಳಿ, ಅದೇ 3170. ಮುಂದೆ ಗಡಿಯಲ್ಲಿ ಕಿಜಿಲ್-ಆರ್ಟ್ ಪಾಸ್ 4280. ಕರಾಕುಲ್ ಸರೋವರ 3900ಕ್ಕೂ ಮೇಲೆ. ಅದಾದ ಮೇಲೆ ಅಕ್-ಬೈತಾಲ್ ಪಾಸ್, 4655. ಗಟ್ಟಿ ಕಾಲಿನವರು ಇಷ್ಟನ್ನೂ ಒಂದು ವಾರದೊಳಗೆ ಹತ್ತಿಬಿಡುತ್ತಾರೆ. ಅಪಾಯ ಇರುವುದೇ ಅಲ್ಲಿ. ಕಾಲು ತಯಾರಿದ್ದರೂ ರಕ್ತ, ಶ್ವಾಸಕೋಶ ತಯಾರಾಗಿರುವುದಿಲ್ಲ. ಹೋದ ವರ್ಷ ಲೇಹ್‌ನಲ್ಲಿ ದೇಹ ಹೊಂದಿಕೊಂಡಿದ್ದು ಈ ವರ್ಷಕ್ಕೆ ಉಳಿಯುವುದಿಲ್ಲ. ಮತ್ತೆ ಮೊದಲಿನಿಂದ ಶುರು.

ದುಶಾಂಬೆ ಕಡೆಯಿಂದ ಹೋದರೆ ಎತ್ತರ ನಿಧಾನವಾಗಿ ಏರುತ್ತದೆ. ಕಲಾಯಿಖುಂಬ್ ಆದ ಮೇಲೆ ಪಾಂಜ್ ನದಿಯ ಪಕ್ಕದಲ್ಲೇ ಕೊರೋಗ್‌ವರೆಗೆ ದಾರಿ. ಕೊರೋಗ್ 2100 ಮೀಟರ್ ದಾಟುತ್ತದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಆದರೂ ಅಲ್ಲಿ ಮರಗಳಿವೆ, ತೋಟಗಳಿವೆ, ಚೆನ್ನಾಗಿ ನಿದ್ದೆ ಬರುತ್ತದೆ. ಅಲ್ಲಿ ಎರಡು ದಿನ ಸುಮ್ನೆ ಇದ್ದುಬಿಡಿ. ಆಗಾ ಖಾನ್ ಸಂಸ್ಥೆಯ ಆಸ್ಪತ್ರೆಯೂ ಅಲ್ಲೇ ಇದೆ. ಅಲ್ಲಿಂದ ಮುಂದೆ ಅಂಥ ಆಸ್ಪತ್ರೆಗೆ ಓಶ್‌ವರೆಗೆ ಕಾಯಬೇಕು. ನಡುವೆ 700 ಕಿಲೋಮೀಟರ್‌ಗೂ ಜಾಸ್ತಿ. ಲಡಾಖ್‌ನ ಹಾಗೆ ಹೆಜ್ಜೆ ಹೆಜ್ಜೆಗೂ ಸೇನೆಯ ಲಾರಿ, ಡಾಕ್ಟರು ಸಿಗುತ್ತಾರೆ ಅಂದುಕೊಳ್ಳಬೇಡಿ. 3000 ಮೀಟರ್ ಆದ ಮೇಲೆ ಪ್ರತಿ ರಾತ್ರಿ ಮಲಗುವ ಜಾಗ ಹಿಂದಿನ ರಾತ್ರಿಗಿಂತ 500 ಮೀಟರ್‌ಗಿಂತ ಜಾಸ್ತಿ ಮೇಲಿರಬಾರದು. ತಲೆನೋವು ಕಡಿಮೆ ಆಗದಿದ್ದರೆ ಅವತ್ತು ಹತ್ತಬೇಡಿ. ವಾಂತಿ, ನಡೆಯುವಾಗ ತೂರಾಟ, ಕೂತಲ್ಲೇ ಏದುಸಿರು ಬಂದರೆ ಸೈಕಲ್ ಬಿಟ್ಟು ಸಿಕ್ಕ ಜೀಪ್ ಹತ್ತಿ ಕೆಳಗಿಳಿಯಿರಿ. ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ಬೇಕಾ ಬೇಡವಾ ಅಂತ ಹೊರಡುವ ಮೊದಲು ನಿಮ್ಮ ಡಾಕ್ಟರ ಹತ್ತಿರವೇ ಕೇಳಿ.

ವಖಾನ್ ಬಿಡಬೇಡಿ! ಪಾಮೀರ್ ಅಂದರೆ ಎಲ್ಲರೂ ಬೋಳು ಬಯಲಿನ ಫೋಟೊ ಹಾಕುತ್ತಾರೆ. ನನ್ನ ಮನಸ್ಸಿಗೆ ಹಿಡಿಸಿದ್ದು ಮಾತ್ರ ಈ ಕಣಿವೆ. ಕೊರೋಗ್‌ನಿಂದ ಇಶ್ಕಾಶಿಮ್ ದಾಟಿ ಲಂಗರ್‌ವರೆಗೆ 200 ಕಿಲೋಮೀಟರ್ ಚಿಲ್ಲರೆ. ಬಲಗಡೆ ನದಿ, ನದಿಯಾಚೆ ಅಫ್ಘಾನಿಸ್ತಾನ, ಅದರ ಹಿಂದೆ ಹಿಂದೂಕುಶ್‌ನ ಹಿಮ. ಕೆಲವು ಕಡೆ ನದಿ ಎಷ್ಟು ಕಿರಿದು ಅಂದರೆ ಆಚೆ ದಡದಲ್ಲಿ ಕತ್ತೆ ಹೊಡೆದುಕೊಂಡು ಹೋಗುವ ಹುಡುಗನ ಅಂಗಿಯ ಬಣ್ಣ ಕಾಣುತ್ತದೆ. ವ್ರಾಂಗ್ ಹಳ್ಳಿಯ ಮೇಲೆ ಹಳೆಯ ಬೌದ್ಧ ಸ್ತೂಪದ ಅವಶೇಷ ಇದೆ. ಯಾಮ್‌ಚುನ್ ಕೋಟೆಯ ಹತ್ತಿರ ಬೀಬಿ ಫಾತಿಮಾ ಬಿಸಿನೀರಿನ ಬುಗ್ಗೆ. ಅಲ್ಲಿಗೆ ಹತ್ತುವ ದಾರಿ ಕಡಿದು, ಆದರೂ ಹೋಗಿ. ಮೈಕೈ ನೋವೆಲ್ಲ ಇಳಿಯುತ್ತದೆ.

ರಾತ್ರಿ ಹಳ್ಳಿ ಮನೆಗಳಲ್ಲೇ ಇರಿ. ಪಾಮೀರಿ ಮನೆಯ ಒಳಗೆ ಐದು ಕಂಬ. ನೆತ್ತಿಯಲ್ಲಿ ಚೌಕದೊಳಗೆ ಚೌಕ ಕೂರಿಸಿದ ಬೆಳಕಿಂಡಿ. ಎದೆಯ ಮೇಲೆ ಕೈಯಿಟ್ಟು ಒಳಗೆ ಕರೆಯುತ್ತಾರೆ. ಇಂಡಿಯಾದವರು ಅಂದರೆ ಮಾತು ಹಿಂದಿ ಸಿನಿಮಾಗಳ ಕಡೆ ತಿರುಗುತ್ತದೆ. ಒಂದು ಮನೆಯಲ್ಲಿ ಅಜ್ಜಿ ನಮ್ಮ ಒದ್ದೆ ಸಾಕ್ಸ್ ತಾವೇ ತೆಗೆದುಕೊಂಡು ಹೋಗಿ ಒಲೆಯ ಪಕ್ಕ ಹರಡಿದರು. ಬೇಡ ಅಂದರೂ ಕೇಳಲಿಲ್ಲ. ಇಂಥವರಿಗೆ ದುಡ್ಡು ಕೊಡುವಾಗ ದಯವಿಟ್ಟು ಚೌಕಾಸಿ ಮಾಡಬೇಡಿ.

ಊಟದ ವಿಷಯ. ದುಶಾಂಬೆಯಲ್ಲಿ ಕುರುತೋಬ್ ತಿನ್ನಿ. ಪದರ ರೊಟ್ಟಿಯನ್ನು ಚೂರು ಮಾಡಿ, ಒಣಗಿಸಿದ ಉಪ್ಪು ಮೊಸರಿನ ಉಂಡೆಯನ್ನು ನೀರಲ್ಲಿ ಕರಗಿಸಿ ಸುರಿದು, ಮೇಲೆ ಈರುಳ್ಳಿ, ಟೊಮೆಟೊ, ಸೊಪ್ಪು ಹಾಕಿರುತ್ತಾರೆ. ಕೆಲವರು ಮಾಂಸ ಸೇರಿಸುತ್ತಾರೆ, ಆದ್ದರಿಂದ 'ಬೆ ಗೂಷ್ತ್' ಅಂತ ಮೊದಲೇ ಹೇಳಿ. ವಖಾನ್‌ನಲ್ಲಿ ಬೆಳಿಗ್ಗೆ ಶೀರ್ ಚಾಯ್ ಸಿಗುತ್ತದೆ. ಹಾಲು, ಉಪ್ಪು, ಬೆಣ್ಣೆ ಹಾಕಿದ ಚಹಾ, ಅದರಲ್ಲಿ ರೊಟ್ಟಿ ನೆನೆಸಿ ತಿನ್ನುವುದು. ಆಲೂಗಡ್ಡೆ, ಮೊಟ್ಟೆ, ಹಿಪ್ಪುನೇರಳೆ ಹಣ್ಣು, ಏಪ್ರಿಕಾಟ್‌ಗೆ ಬರ ಇಲ್ಲ. ಲಂಗರ್ ದಾಟಿದ ಮೇಲೆ ಕಷ್ಟ. ಅಲ್ಲಿಗೆ ಅವಲಕ್ಕಿ, ಹುರಿಟ್ಟು, ಚಟ್ನಿಪುಡಿ ಒಯ್ಯಿರಿ. ಅವಲಕ್ಕಿಗೆ ಒಲೆ ಹೊತ್ತಿಸುವುದೂ ಬೇಡ. 4000 ಮೀಟರ್‌ನಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುವುದರಿಂದ ಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲ.

ಅಮ್ಮನಿಗೆ ಸುಳ್ಳು ಹೇಳಬೇಡಿ. 2018ರ ಜುಲೈನಲ್ಲಿ ದಾಂಗಾರಾ ಹತ್ತಿರ ನಾಲ್ವರು ವಿದೇಶಿ ಸೈಕಲ್ ಸವಾರರನ್ನು ಕೊಂದರು. ಗಡಿಯ ಪರಿಸ್ಥಿತಿಯೂ ಆಗಾಗ ಬದಲಾಗುತ್ತದೆ. ಹೊರಡುವ ವಾರ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ನೋಡಿ, ದುಶಾಂಬೆಯ ಭಾರತೀಯ ರಾಯಭಾರ ಕಚೇರಿಗೆ ನಿಮ್ಮ ದಾರಿ, ದಿನಾಂಕ ತಿಳಿಸಿ. ನದಿ ದಡದಲ್ಲಿ ಟೆಂಟ್ ಹಾಕಲೇಬೇಡಿ. ಗಡಿಯಲ್ಲಿ ಹಳೆಯ ನೆಲಬಾಂಬ್‌ಗಳ ಜಾಗಗಳಿವೆ, ಸೈನಿಕರ ಗಸ್ತೂ ಇದೆ. ಇಷ್ಟೂ ಹೇಳಿದ ಮೇಲೆ, ದಿನಾ ಸಂಜೆ ಯಾವ ಹಳ್ಳಿಯಲ್ಲಿ ಇರುತ್ತೀರಿ ಅನ್ನುವ ಪಟ್ಟಿ ಅಮ್ಮನ ಕೈಗೆ ಕೊಡಿ. ನನ್ನ ಅಮ್ಮ ಅದನ್ನು ಕ್ಯಾಲೆಂಡರ್ ಪಕ್ಕ ಅಂಟಿಸಿಕೊಂಡಿದ್ದರು.

ಓಶ್ ವಿದ್ಯಾರ್ಥಿ:

ನಾನು ಓಶ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ, ಊರು ಬೀದರ್. ಸೈಕಲ್ ವಿಷಯ ಗೊತ್ತಿಲ್ಲ, ಊರಿನ ವಿಷಯ ಹೇಳುತ್ತೇನೆ. ಅಕ್ಕ ಹೇಳಿದ ಹಾಗೆ ಇಲ್ಲಿ ಮುಗಿಸುವುದೇ ಒಳ್ಳೆಯದು. ಭಾರತದ ವೈದ್ಯಕೀಯ ವಿದ್ಯಾರ್ಥಿಗಳು ಇಲ್ಲಿ ತುಂಬಾ ಜನ ಇದ್ದೇವೆ. ಮೆಸ್‌ಗಳಲ್ಲಿ ಅನ್ನ, ದಾಲ್, ಚಪಾತಿ ಸಿಗುತ್ತದೆ. ಅಷ್ಟು ದಿನ ರೊಟ್ಟಿ ಚಹಾದ ಮೇಲೆ ಬದುಕಿದವರಿಗೆ ಅದು ದೊಡ್ಡ ವಿಷಯ ಅಲ್ವಾ.

ಒಂದು ಮಾತು. ಕಿರ್ಗಿಸ್ತಾನ, ತಜಿಕಿಸ್ತಾನದ ನಡುವಿನ ಗಡಿ 2021ರಲ್ಲಿ ಮುಚ್ಚಿತ್ತು. 2025ರ ಮಾರ್ಚ್‌ನಲ್ಲಿ ಒಪ್ಪಂದ ಆದ ಮೇಲೆ ತೆರೆಯಿತು. ಆದರೂ ಕಿಜಿಲ್-ಆರ್ಟ್‌ನಲ್ಲಿ ವಿದೇಶಿಯರನ್ನು ಬಿಡುತ್ತಿದ್ದಾರಾ ಅಂತ ಟಿಕೆಟ್ ಮಾಡಿಸುವ ಮುಂಚೆ ಖಚಿತ ಮಾಡಿಕೊಳ್ಳಿ. ಎರಡೂ ದೇಶದ ವೀಸಾ ಬೇರೆ ಬೇರೆ. ತಜಿಕಿಸ್ತಾನದ ವೀಸಾ ಅರ್ಜಿಯಲ್ಲಿ ಪಾಮೀರ್ ಪ್ರಾಂತ್ಯದ ಪರವಾನಗಿ ವಿಷಯವನ್ನೂ ನೋಡಿ.

ಹುಬ್ಬಳ್ಳಿ ಗಾಲಿ:

ಅಕ್ಕನವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಜುಲೈಗೆ ಹೊರಟರೆ ದುಶಾಂಬೆ ಸರಿ. ಆದರೆ ಅಲ್ಲಿ ಆಗ ನಲವತ್ತು ಡಿಗ್ರಿ ಬಿಸಿಲು, ಬೆಳಗಿನ ಐದಕ್ಕೇ ಸೈಕಲ್ ಹತ್ತಬೇಕು. ರಜೆ ಸೆಪ್ಟೆಂಬರ್‌ಗೆ ಹೋದರೆ ಮಾತ್ರ ಓಶ್‌ನಿಂದ ಹೊರಡಿ. ಮೇಲಿನ ಬಯಲಿಗೆ ಚಳಿ, ಹಿಮ ಬೇಗ ಬರುತ್ತದೆ. ಎತ್ತರದ ಭಾಗ ಮೊದಲು ಮುಗಿಸಿಕೊಂಡು ಕೆಳಗಿಳಿಯಬಹುದು. ಆಗ ಸಾರಿ-ತಾಶ್‌ನಲ್ಲಿ ಕನಿಷ್ಠ ಎರಡು ರಾತ್ರಿ ನಿಲ್ಲಿ.

ವಖಾನ್ ಚೆಂದ, ನಿಜ. ಆದರೆ ಲಂಗರ್‌ನಿಂದ ಖಾರ್ಗುಶ್ ಪಾಸ್‌ವರೆಗೆ, ಅದು 4344 ಮೀಟರ್, ಮರಳು ಮತ್ತು ಕಲ್ಲು. ಸೈಕಲ್ ತಳ್ಳುವುದೇ ಕೆಲಸ. ಸಾಮಾನು ಜಾಸ್ತಿ ಇದ್ದವರಿಗೆ ಕೊರೋಗ್‌ನಿಂದ ನೇರ ಹೆದ್ದಾರಿಯೇ ಸುಲಭ.

ತುಂಗಾತೀರದ ಸವಾರ:

ಅಕ್ಕಾ, ಅಣ್ಣಾ, ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ಪಟ್ಟಿ ಕೊಡಲೇಬೇಕಂತೆ. ಇನ್ನೊಂದು ಪ್ರಶ್ನೆ. ನನ್ನ ಸೈಕಲ್‌ಗೆ 38 ಮಿಲಿಮೀಟರ್ ಟೈರ್ ಇದೆ. ಸಾಲುತ್ತದಾ? ಸ್ಟವ್ ಯಾವುದು?

ಇಕ್ಕೇರಿ ಪೆಡಲ್:

ಹುಬ್ಬಳ್ಳಿಯವರು ಸೆಪ್ಟೆಂಬರ್ ಬಗ್ಗೆ ಹೇಳಿದ್ದು ಸರಿಯಾಗಿದೆ, ಅದನ್ನು ನಾನೂ ಒಪ್ಪುತ್ತೇನೆ. ವಖಾನ್ ಬಿಡಿ ಅಂದರೆ ಮಾತ್ರ ಒಪ್ಪುವುದಿಲ್ಲ. ಸಾಮಾನು ಕಡಿಮೆ ಮಾಡಿಕೊಳ್ಳಿ, ಕಣಿವೆ ಬಿಡಬೇಡಿ.

38 ಸಾಲದು. ಮರಳಲ್ಲಿ ಹೂತುಹೋಗುತ್ತದೆ, ತೊಳೆಹಲಗೆ ಥರದ ರಸ್ತೆಯಲ್ಲಿ ಮಣಿಕಟ್ಟು ಜೋಮು ಹಿಡಿಯುತ್ತದೆ. ನಿಮ್ಮ ಫ್ರೇಮ್‌ನಲ್ಲಿ 50 ಕೂರುತ್ತದಾ ನೋಡಿ. ಕೂರದಿದ್ದರೆ ಗೆಳೆಯರ ಎಂಟಿಬಿ (ಮೌಂಟನ್ ಬೈಕ್) ಕೇಳಿ ತೆಗೆದುಕೊಂಡು ಹೋಗುವುದೇ ವಾಸಿ. ಸ್ಟವ್ ಪೆಟ್ರೋಲ್‌ನಲ್ಲೂ ಉರಿಯುವಂಥದ್ದು ಇರಲಿ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ. ಪೆಟ್ರೋಲ್ ತುಂಬಿದ್ದ ಬಾಟಲಿಯ ವಾಸನೆ ಬಂದರೂ ತಡೆಯುತ್ತಾರೆ, ಹೊಸ ಬಾಟಲಿ ಒಯ್ಯಿರಿ.

ಸ್ಪೋಕ್ಸ್, ಬ್ರೇಕ್ ಪ್ಯಾಡ್, ಗೇರ್ ಹ್ಯಾಂಗರ್ (ಹಿಂದಿನ ಗೇರನ್ನು ಫ್ರೇಮ್‌ಗೆ ಹಿಡಿದಿಡುವ ತುಂಡು) ಮೂರೂ ಮನೆಯಿಂದಲೇ ಬರಬೇಕು. ಮೇಲಿನ ಬಯಲಿನಲ್ಲಿ ಸಿಗುವ ಊರು ಮುರ್ಘಾಬ್. ಅಲ್ಲಿಯ ಬಜಾರ್ ಅಂದರೆ ಸಾಲಾಗಿ ನಿಲ್ಲಿಸಿದ ಹಳೆಯ ಕಂಟೇನರ್‌ಗಳು. ಬಿಸ್ಕತ್ತು, ನೂಡಲ್ಸ್ ಸಿಗುತ್ತದೆ, ನಿಮ್ಮ ಹ್ಯಾಂಗರ್ ಸಿಗುವುದಿಲ್ಲ. ಸ್ಪೋಕ್ಸ್ ಮುರಿಯುವುದು ಹೆಚ್ಚಾಗಿ ಹಿಂದಿನ ಚಕ್ರದಲ್ಲಿ, ಗೇರ್ ಇರುವ ಪಕ್ಕ. ಅದನ್ನು ಹಾಕಬೇಕಾದರೆ ಕ್ಯಾಸೆಟ್, ಅಂದರೆ ಹಿಂದಿನ ಚಕ್ರದ ಹಲ್ಲುಚಕ್ರಗಳ ಗುಂಪು, ಬಿಚ್ಚಬೇಕು. ಬಿಚ್ಚುವ ಟೂಲ್ ತೆಗೆದುಕೊಂಡು, ಹೊರಡುವ ಮುಂಚೆ ಮನೆಯಲ್ಲೇ ಒಮ್ಮೆ ಬಿಚ್ಚಿ ಹಾಕಿ ನೋಡಿ.